ಮರದ ಬಟ್ಟಲು ಕಡೆಯಲು ಲೇತ್: ಹೋಲಿಸಿ ನೋಡಿ ಆರಿಸುವ ಕ್ರಮ

ಮರದ ಬಟ್ಟಲು ಕಡೆಯಬೇಕೆಂದು ಲೇತ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಬೆಲೆ ನೋಡುತ್ತಾರೆ, ಆಮೇಲೆ ಮೋಟಾರಿನ ಎಚ್‌ಪಿ, ಅದಾದ ಮೇಲೆ ಎಷ್ಟು ಇಂಚಿನ ತುಂಡು ಹಿಡಿಯುತ್ತದೆ ಎಂಬ ಅಂಕಿ. ಈ ಮೂರೂ ಕ್ಯಾಟಲಾಗಿನ ಮೊದಲ ಸಾಲುಗಳಲ್ಲೇ ಸಿಗುವುದರಿಂದ ಹೋಲಿಕೆ ಸುಲಭವೆನಿಸುತ್ತದೆ. ಆದರೆ ಒಂದೇ ಅಳತೆ, ಒಂದೇ ಎಚ್‌ಪಿ ಬರೆದುಕೊಂಡ ಎರಡು ಯಂತ್ರಗಳಲ್ಲಿ ಒಂದು ಹನ್ನೆರಡು ಇಂಚಿನ ಹಸಿ ಹಲಸಿನ ತುಂಡನ್ನು ಸಲೀಸಾಗಿ ಕಡೆದು ಮುಗಿಸಿದರೆ, ಇನ್ನೊಂದು ಅದೇ ತುಂಡಿನ ಮುಂದೆ ಗಡಗಡ ನಡುಗಿ, ಉಳಿ ಒತ್ತಿದೊಡನೆ ನಿಂತುಬಿಡುವುದುಂಟು. ಬಟ್ಟಲಿನ ಕೆಲಸಕ್ಕೆ ಬೇಕಾದ ಗುಣಗಳು ಕ್ಯಾಟಲಾಗಿನ ಕೆಳಗಿನ ಸಾಲುಗಳಲ್ಲಿರುತ್ತವೆ. ಕೆಲವಂತೂ ಅಲ್ಲಿ ಇರುವುದೇ ಇಲ್ಲ.

ಆದ್ದರಿಂದ ಯಂತ್ರಕ್ಕಿಂತ ಮೊದಲು ಬಟ್ಟಲನ್ನು ನಿಶ್ಚಯಿಸಿಕೊಳ್ಳಬೇಕು. ನೀವು ಮೇಲಿಂದ ಮೇಲೆ ಕಡೆಯಲಿರುವ ಅತಿ ದೊಡ್ಡ ಬಟ್ಟಲು ಯಾವುದು, ಯಾವ ಮರ, ಹಸಿಯೋ ಒಣಗಿದ್ದೋ ಎಂಬುದನ್ನು ಬರೆದಿಟ್ಟುಕೊಂಡು, ಎದುರಿಗೆ ಬಂದ ಪ್ರತಿಯೊಂದು ಲೇತನ್ನೂ ಆ ಒಂದೇ ಬಟ್ಟಲಿನಿಂದ ಅಳೆಯುವುದು ಸರಿಯಾದ ಕ್ರಮ. ಈ ಲೇಖನದಲ್ಲಿ ನಾನು ಇಟ್ಟುಕೊಳ್ಳುವ ಬಟ್ಟಲು 300 ಮಿಮೀ, ಅಂದರೆ ಸುಮಾರು 12 ಇಂಚು ವ್ಯಾಸದ್ದು, 100 ಮಿಮೀ ದಪ್ಪದ ಹಸಿ ಹಲಸಿನ ತುಂಡಿನಿಂದ ಹೊರಡುವಂಥದ್ದು. ಹಸಿ ಮರದ ತೂಕ ಘನ ಮೀಟರಿಗೆ 800 ಕೆಜಿ ಎಂದು ಇಟ್ಟುಕೊಂಡರೂ ಈ ತುಂಡು ಐದೂವರೆ ಕೆಜಿ ದಾಟುತ್ತದೆ. ಮನೆಮಂದಿಗೆಲ್ಲ ಹಣ್ಣು ಇಡುವಷ್ಟು ಅಗಲದ ಬಟ್ಟಲು ಇದು. ಹವ್ಯಾಸಿಗಳಲ್ಲಿ ಹೆಚ್ಚಿನವರ ಆಸೆ ಇಲ್ಲಿಗೆ ಬಂದು ನಿಲ್ಲುತ್ತದೆ.

ಬಟ್ಟಲು ಯಂತ್ರಕ್ಕೆ ಕೊಡುವ ಪೆಟ್ಟು

ನಮ್ಮಲ್ಲಿ ಮರದ ಲೇತ್ ಎಂದರೆ ಮೊದಲು ನೆನಪಾಗುವುದು ಚನ್ನಪಟ್ಟಣ. ಅಲ್ಲಿ ಹಾಲೆ ಮರದ ತೆಳು ತುಂಡುಗಳನ್ನು ಉದ್ದುದ್ದ ಹಿಡಿದು ಕಡೆಯುತ್ತಾರೆ; ಮರದ ಎಳೆಗಳು ಲೇತಿನ ಅಕ್ಷಕ್ಕೆ ಸಮಾನಾಂತರವಾಗಿರುತ್ತವೆ, ತುಂಡಿನ ವ್ಯಾಸ ಚಿಕ್ಕದು, ವೇಗ ಹೆಚ್ಚು, ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಕಾವಿಗೇ ಅದು ಕರಗಿ ಮರಕ್ಕೆ ಬಣ್ಣ ಹಿಡಿಯುತ್ತದೆ. ಲಟ್ಟಣಿಗೆ, ಮಂಚದ ಕಾಲು, ಬುಗುರಿ ಎಲ್ಲವೂ ಇದೇ ಜಾತಿಯ ಕೆಲಸ. ಆ ಕೆಲಸಕ್ಕೆ ಒಗ್ಗಿದ ಯಂತ್ರವನ್ನು ನೋಡಿ ಬಟ್ಟಲಿನ ಲೇತ್ ಹೇಗಿರಬೇಕೆಂದು ಅಂದಾಜು ಕಟ್ಟುವುದು ಸರಿಯಲ್ಲ.

ಬಟ್ಟಲಿನ ತುಂಡಿನಲ್ಲಿ ಸಾಮಾನ್ಯವಾಗಿ ಎಳೆಗಳು ಅಕ್ಷಕ್ಕೆ ಅಡ್ಡಲಾಗಿ ಮಲಗಿರುತ್ತವೆ. ಹೀಗಾಗಿ ತುಂಡು ಒಂದು ಸುತ್ತು ತಿರುಗುವುದರೊಳಗೆ ಉಳಿಯ ಬಾಯಿಗೆ ಎರಡು ಸಲ ಎಳೆಯ ಪಕ್ಕ, ಎರಡು ಸಲ ಎಳೆಯ ತುದಿ ಸಿಗುತ್ತವೆ. ಎಳೆಯ ತುದಿ ಹೆಚ್ಚು ಗಟ್ಟಿ. ನಿಮಿಷಕ್ಕೆ 600 ಸುತ್ತಿನಲ್ಲಿ ತಿರುಗುವ ತುಂಡು ಸೆಕೆಂಡಿಗೆ ಇಪ್ಪತ್ತು ಸಲ ಉಳಿಯನ್ನು ಹೀಗೆ ತಟ್ಟುತ್ತದೆ. ಮೇಲಾಗಿ ಹಲಸಿನ ಬೊಡ್ಡೆಯಿಂದ ಗರಗಸದಲ್ಲಿ ಕೊಯ್ದು ತಂದ ತುಂಡು ದುಂಡಗಿರುವುದಿಲ್ಲ, ಅದರ ಒಂದು ಪಕ್ಕ ಇನ್ನೊಂದು ಪಕ್ಕಕ್ಕಿಂತ ತೂಕವಾಗಿರುತ್ತದೆ. ಅಂಚಿನಲ್ಲಿ ಕೇವಲ 100 ಗ್ರಾಂ ಹೆಚ್ಚಿದ್ದರೂ 600 ಸುತ್ತಿನ ವೇಗದಲ್ಲಿ ಅದು ಸುಮಾರು 6 ಕೆಜಿ ಭಾರದಷ್ಟು ಬಲದಿಂದ ಸ್ಪಿಂಡಲನ್ನು (ತುಂಡನ್ನು ಹಿಡಿದು ತಿರುಗಿಸುವ ದಂಡವನ್ನು) ಸೆಕೆಂಡಿಗೆ ಹತ್ತು ಸಲ ಹೊರಕ್ಕೆ ಜಗ್ಗುತ್ತದೆ. ವೇಗ ಇಮ್ಮಡಿಯಾದರೆ ಈ ಜಗ್ಗು ನಾಲ್ಕು ಪಟ್ಟಾಗುತ್ತದೆ. 1,200ರಲ್ಲಿ ಅದೇ ನೂರು ಗ್ರಾಂ 24 ಕೆಜಿಯಂತೆ ವರ್ತಿಸುತ್ತದೆ. ಬಟ್ಟಲಿನ ಲೇತಿಗೆ ಏನೇನು ಬೇಕೆಂಬುದೆಲ್ಲ ಈ ಎರಡು ಸಂಗತಿಗಳಿಂದಲೇ ಹುಟ್ಟುತ್ತದೆ: ನಿಧಾನ ವೇಗ, ಆ ನಿಧಾನದಲ್ಲೂ ಕುಂದದ ಶಕ್ತಿ, ಮತ್ತು ಅಲುಗದ ಮೈ.

ಸ್ವಿಂಗ್ ಎಂಬ ಅಂಕಿ

ಲೇತಿನ ತಳದ ಉದ್ದ ಹಳಿಗಳೇ ಬೆಡ್. ಅದಕ್ಕೆ ತಗಲದಂತೆ ಅದರ ಮೇಲೆ ತಿರುಗಬಲ್ಲ ಅತಿ ದೊಡ್ಡ ವ್ಯಾಸವೇ ಸ್ವಿಂಗ್. ಅಮೆರಿಕ ಮತ್ತು ಕೆನಡಾದ ತಯಾರಕರು ಇದನ್ನು ವ್ಯಾಸವಾಗಿಯೇ ಹೇಳುತ್ತಾರೆ: ಜೆಟ್ 1221 ಎಂದರೆ 12 ಇಂಚು ಸ್ವಿಂಗ್, ಎರಡು ಸೆಂಟರುಗಳ (ತುಂಡನ್ನು ಎರಡು ತುದಿಯಲ್ಲಿ ಹಿಡಿಯುವ ಮೊನೆಗಳ) ನಡುವೆ 21 ಇಂಚು, ಒನ್‌ವೇ 2436 ಎಂದರೆ 24 ಇಂಚು ಸ್ವಿಂಗ್, 36 ಇಂಚು ಉದ್ದ. ಪವರ್‌ಮ್ಯಾಟಿಕ್ 3520ರಲ್ಲಿ ಕ್ರಮ ತಿರುಗುಮುರುಗಾಗಿದ್ದು, 35 ಎನ್ನುವುದು ಉದ್ದ, 20 ಎನ್ನುವುದು ಸ್ವಿಂಗ್. ಆಸ್ಟ್ರೇಲಿಯಾದ ವಿಕ್‌ಮಾರ್ಕ್ ಕಂಪನಿಯ ವಿಎಲ್300ರಲ್ಲಿ 300 ಎನ್ನುವುದು ಬೆಡ್ಡಿನಿಂದ ಸ್ಪಿಂಡಲಿನ ನಡುವಿನವರೆಗಿನ ಎತ್ತರ, ಮಿಲಿಮೀಟರಿನಲ್ಲಿ. ಅದರಲ್ಲಿ ಹಿಡಿಯುವ ವ್ಯಾಸ 600 ಮಿಮೀ. ಹೆಸರಿನ ಅಂಕಿಗಳನ್ನು ಎದುರುಬದುರು ಇಟ್ಟು ಹೋಲಿಸುವ ಮುನ್ನ ಎರಡನ್ನೂ ವ್ಯಾಸಕ್ಕೆ ಬದಲಿಸಿಕೊಳ್ಳಿ.

12 ಇಂಚಿನ ಸ್ವಿಂಗ್ ಇರುವ ಲೇತಿನಲ್ಲಿ ನಮ್ಮ 12 ಇಂಚಿನ ಬಟ್ಟಲು ಕಾಗದದ ಮೇಲಷ್ಟೇ ಕೂರುತ್ತದೆ. ದುಂಡಗಿಲ್ಲದ ತುಂಡಿನ ಮೂಲೆಗಳಿಗೆ ಸುತ್ತಲೂ ಒಂದಷ್ಟು ಜಾಗ ಬೇಕು. ಅದಕ್ಕಿಂತ ಮುಖ್ಯವಾಗಿ, ಟೂಲ್ ರೆಸ್ಟನ್ನು (ಉಳಿ ಊರುವ ಆಸರೆಯನ್ನು) ಹೊತ್ತು ಬೆಡ್ಡಿನ ಮೇಲೆ ಜಾರುವ ಬ್ಯಾಂಜೊ ತನ್ನದೇ ಎತ್ತರ ಹೊಂದಿರುತ್ತದೆ; ಅದರ ಮೇಲಿನ ಸ್ವಿಂಗ್ ಬೆಡ್ಡಿನ ಮೇಲಿನ ಸ್ವಿಂಗಿಗಿಂತ ಯಾವಾಗಲೂ ಕಡಿಮೆ. ಬ್ಯಾಂಜೊ ತುಂಡಿನ ಅಡಿಯಲ್ಲಿ ನುಸುಳದಿದ್ದರೆ, ಬಟ್ಟಲಿನ ಹೊರಮೈ ಕಡೆಯುವಾಗ ಅಂಚಿನ ಹತ್ತಿರದ ಭಾಗಕ್ಕೆ ರೆಸ್ಟನ್ನು ಸಮೀಪ ತರಲಾಗದೆ, ಉಳಿಯನ್ನು ರೆಸ್ಟಿನಿಂದ ಬಹಳ ಮುಂದಕ್ಕೆ ಚಾಚಿ ಕೆಲಸ ಮಾಡಬೇಕಾಗುತ್ತದೆ. ಉಳಿ ಕಚ್ಚಿಕೊಂಡು ಬಟ್ಟಲು ಹಾರುವುದು ಹೆಚ್ಚಾಗಿ ಇಂಥ ಚಾಚಿನಲ್ಲೇ. ಬ್ಯಾಂಜೊ ಮೇಲಿನ ಸ್ವಿಂಗನ್ನು ಕೆಲವು ತಯಾರಕರು ಬರೆಯುತ್ತಾರೆ, ಹಲವರು ಬರೆಯುವುದಿಲ್ಲ. ಬರೆಯದವರನ್ನು ಕೇಳಿ.

ಇದಕ್ಕೊಂದು ಸುಲಭ ಪರೀಕ್ಷೆ ಇದೆ. ದಪ್ಪ ರಟ್ಟಿನಲ್ಲಿ 300 ಮಿಮೀ ವ್ಯಾಸದ ಬಿಲ್ಲೆ ಕತ್ತರಿಸಿ, ನಡುವೆ ಸ್ಪಿಂಡಲ್ ತೂರುವಷ್ಟು ತೂತು ಮಾಡಿ, ಅಂಗಡಿಗೆ ಕೊಂಡೊಯ್ಯಿರಿ. ಬಿಲ್ಲೆಯನ್ನು ಸ್ಪಿಂಡಲಿಗೆ ತೊಡಿಸಿ ಫೇಸ್‌ಪ್ಲೇಟಿನಿಂದ (ಸ್ಪಿಂಡಲಿಗೆ ತಿರುಪುವ ಚಪ್ಪಟೆ ತಟ್ಟೆಯಿಂದ) ಬಿಗಿದು, ಪ್ಲಗ್ ಕಿತ್ತಿಟ್ಟು, ಕೈಯಿಂದಲೇ ತಿರುಗಿಸುತ್ತ ಬ್ಯಾಂಜೊವನ್ನು ಹೆಡ್‌ಸ್ಟಾಕಿನ (ಸ್ಪಿಂಡಲನ್ನು ಹೊತ್ತ ಎಡಬದಿಯ ಪೆಟ್ಟಿಗೆಯ) ಕಡೆಗೆ ಸರಿಸಿ. ರಟ್ಟು ಎಲ್ಲಿ ಉಜ್ಜುತ್ತದೆ, ರೆಸ್ಟಿನ ತೋಳು ಬಿಲ್ಲೆಯ ಹೊರ ಅಂಚನ್ನು ಸುತ್ತಿ ಹಿಂಬದಿಗೆ ತಲುಪುತ್ತದೆಯೇ, ಹಾಗೆ ತಲುಪಿಸಿದಾಗ ಬ್ಯಾಂಜೊ ಇನ್ನೂ ಎರಡೂ ಹಳಿಗಳ ಮೇಲೆ ಪೂರ್ತಿ ಕೂತಿದೆಯೇ ಎಂಬುದೆಲ್ಲ ಎರಡು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ. ಅಂಗಡಿಯವರು ವಿಚಿತ್ರವಾಗಿ ನೋಡಬಹುದು, ನೋಡಲಿ. ಈ ಕಾರಣಕ್ಕೇ ನಾನು 12 ಇಂಚಿನ ಬಟ್ಟಲಿಗೆ 12 ಇಂಚಿನ ಲೇತನ್ನು ಸೂಚಿಸುವುದಿಲ್ಲ. 16 ಇಂಚಿನಿಂದ ಮೇಲಿನದನ್ನು ನೋಡಬೇಕು. 12 ಇಂಚಿನ ಲೇತ್ 9 ಇಂಚಿನ ಬಟ್ಟಲಿಗೆ ಒಳ್ಳೆಯದು.

ವೇಗ, ಪುಲ್ಲಿ ಮತ್ತು ಎಚ್‌ಪಿಯ ಲೆಕ್ಕ

ಮರ ಕಡೆಯುವವರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಅಂದಾಜಿನ ಸೂತ್ರವಿದೆ: ಇಂಚಿನಲ್ಲಿ ವ್ಯಾಸವನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ ಉತ್ತರ 6,000ದಿಂದ 9,000ದ ನಡುವೆ ಇರಬೇಕು. ನಮ್ಮ 12 ಇಂಚಿಗೆ ಅದು 500ರಿಂದ 750 ಆರ್‌ಪಿಎಂ. ಇದು ದುಂಡಗಾಗಿ, ತೂಕ ಸಮನಾದ ತುಂಡಿಗೆ ಹೇಳಿದ ಮಾತು. ಗರಗಸದಿಂದ ಈಗಷ್ಟೇ ಬಂದ ತುಂಡನ್ನು 250–300ರಲ್ಲಿ ಆರಂಭಿಸಿ, ದುಂಡಗಾದಂತೆ ಏರಿಸುತ್ತ ಹೋಗಬೇಕು. ಬೆಲ್ಟ್ ಬದಲಿಸಿ ಐದು ವೇಗ ಪಡೆಯುವ ಅಗ್ಗದ ಮಿನಿ ಲೇತ್‌ಗಳಲ್ಲಿ ಹಲವದರ ಅತಿ ಕಡಿಮೆ ವೇಗವೇ 750ರ ಆಸುಪಾಸು. ಅಂದರೆ ನಮ್ಮ ಬಟ್ಟಲಿನ ಗರಿಷ್ಠ ವೇಗ ಎಲ್ಲಿದೆಯೋ ಅಲ್ಲಿಂದ ಅದರ ಕನಿಷ್ಠ ವೇಗ ಶುರುವಾಗುತ್ತದೆ. ಅಂಥ ಯಂತ್ರ ಲೇಖನಿ, ಬುಗುರಿ, ಚಿಕ್ಕ ಬಟ್ಟಲಿಗೆ ಸಾಕು. ಹಸಿ ಮರದ ದೊಡ್ಡ ತುಂಡಿಗೆ ಅಪಾಯಕಾರಿ. ಗರಿಷ್ಠ ವೇಗ 3,200ವೋ 4,000ವೋ ಎಂಬುದು ಬಟ್ಟಲಿನವರಿಗೆ ಲೆಕ್ಕಕ್ಕೇ ಇಲ್ಲ.

ಹಸಿಯಾಗಿ ಕಡೆದ ಬಟ್ಟಲಿಗೆ ನಿಧಾನ ವೇಗ ಎರಡು ಸಲ ಬೇಕಾಗುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಗೋಡೆಯನ್ನು ವ್ಯಾಸದ ಹತ್ತನೆಯ ಒಂದರಷ್ಟು, ಅಂದರೆ ನಮ್ಮ ಬಟ್ಟಲಿಗೆ ಸುಮಾರು 30 ಮಿಮೀ ದಪ್ಪ ಬಿಟ್ಟು, ತಿಂಗಳುಗಟ್ಟಲೆ ಒಣಗಿಸಿ ಮತ್ತೆ ಕಡೆಯುವುದು ರೂಢಿ. ಮರ ಎಳೆಯ ಉದ್ದಕ್ಕೆ ಬಹುತೇಕ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಹಾಗಾಗಿ ಒಣಗಿದ ಬಟ್ಟಲು ಮೊಟ್ಟೆಯಾಕಾರಕ್ಕೆ ತಿರುಗಿ, ಎರಡನೆಯ ಸಲ ಲೇತಿಗೇರಿದಾಗ ಮತ್ತೆ ಒಂದೇ ಕಡೆ ಜಗ್ಗುತ್ತ ತಿರುಗುತ್ತದೆ.

ಇನ್ನು ಶಕ್ತಿಯ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಮಾರಾಟದ ಮಾತಿನಲ್ಲಿ ಅತಿ ಹೆಚ್ಚು ಮಸುಕಾಗುವ ವಿಷಯ ಇದೇ. ನುಣುಪಾದ ವೇಗ ನಿಯಂತ್ರಣಕ್ಕಾಗಿ ಈಗಿನ ದೊಡ್ಡ ಲೇತ್‌ಗಳಲ್ಲಿ ಮೂರು ಫೇಸಿನ ಮೋಟಾರನ್ನು ವಿಎಫ್‌ಡಿ ಎಂಬ, ಕರೆಂಟಿನ ಹರ್ಟ್ಸ್ ಬದಲಿಸಿ ಮೋಟಾರಿನ ವೇಗ ಬದಲಿಸುವ ಡ್ರೈವ್ ಮೂಲಕ ಓಡಿಸುತ್ತಾರೆ. ನಾಬ್ ತಿರುಗಿಸಿದರೆ 50ರಿಂದ 3,000ದವರೆಗೆ ಬೇಕಾದ ವೇಗ ಸಿಗುತ್ತದೆಂದು ತೋರಿಸಿದಾಗ, ಇನ್ನು ಪುಲ್ಲಿಗಳ ಗೊಡವೆ ಏಕೆ ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಮೋಟಾರಿನ ನಿಗದಿತ ವೇಗಕ್ಕಿಂತ ಕೆಳಗೆ ಡ್ರೈವ್ ಅದರ ಟಾರ್ಕನ್ನು (ತಿರುಗಿಸುವ ಬಲವನ್ನು) ಹೆಚ್ಚೆಂದರೆ ಹಾಗೆಯೇ ಉಳಿಸಿಕೊಡುತ್ತದೆ, ಹೆಚ್ಚಿಸುವುದಿಲ್ಲ. ಟಾರ್ಕನ್ನು ಹೆಚ್ಚಿಸುವುದು ಪುಲ್ಲಿ ಮಾತ್ರ.

ಲೆಕ್ಕ ಹಾಕಿ ನೋಡೋಣ. 1,440 ಆರ್‌ಪಿಎಂನ 1 ಎಚ್‌ಪಿ ಮೋಟಾರಿನ ಟಾರ್ಕ್ ಸುಮಾರು 5 ನ್ಯೂಟನ್ ಮೀಟರ್. ಮೋಟಾರಿನ ಪುಲ್ಲಿ ಮತ್ತು ಸ್ಪಿಂಡಲಿನ ಪುಲ್ಲಿ ಒಂದೇ ಗಾತ್ರದವಾಗಿದ್ದು, ಡ್ರೈವಿನಿಂದ ವೇಗವನ್ನು 480ಕ್ಕೆ ಇಳಿಸಿದರೆ, ಅಕ್ಷದಿಂದ 150 ಮಿಮೀ ದೂರದಲ್ಲಿರುವ ನಮ್ಮ ಬಟ್ಟಲಿನ ಅಂಚಿನಲ್ಲಿ ಸಿಗುವ ಬಲ ಸುಮಾರು ಮೂರೂವರೆ ಕೆಜಿಯಷ್ಟು. ಅದೇ ಮೋಟಾರು ಪೂರ್ತಿ ವೇಗದಲ್ಲಿ ಓಡುತ್ತ, ಒಂದಕ್ಕೆ ಮೂರರ ಪುಲ್ಲಿಯ ಮೂಲಕ ಸ್ಪಿಂಡಲನ್ನು ಅದೇ 480ರಲ್ಲಿ ತಿರುಗಿಸಿದರೆ ಅಂಚಿನ ಬಲ ಹತ್ತು ಕೆಜಿ ಮುಟ್ಟುತ್ತದೆ. ಮೋಟಾರು ಒಂದೇ, ತೋರಿಸುವ ವೇಗ ಒಂದೇ, ಬಲ ಮಾತ್ರ ಮೂರು ಪಟ್ಟು. ಮೊದಲನೆಯ ಜೋಡಣೆಯಲ್ಲಿ ನಿಮಗೆ ನಿಜಕ್ಕೂ ಸಿಗುತ್ತಿರುವುದು ಒಂದು ಎಚ್‌ಪಿಯ ಮೂರನೆಯ ಒಂದು ಪಾಲು. ಹೀಗಾಗಿ ಡ್ರೈವ್ ಇರುವ ಲೇತ್ ನೋಡುವಾಗಲೂ ಕೇಳಬೇಕಾದ ಪ್ರಶ್ನೆ: ಬೆಲ್ಟಿಗೆ ಎಷ್ಟು ಮೆಟ್ಟಿಲುಗಳಿವೆ, ಅತಿ ಕೆಳಗಿನ ಮೆಟ್ಟಿಲಿನಲ್ಲಿ ವೇಗದ ವ್ಯಾಪ್ತಿ ಎಲ್ಲಿಂದ ಎಲ್ಲಿಗೆ? ಪವರ್‌ಮ್ಯಾಟಿಕ್ 3520ಸಿಯಲ್ಲಿ ಎರಡು ಮೆಟ್ಟಿಲುಗಳಿದ್ದು, ಕೆಳಗಿನದು 1,200ಕ್ಕೆ ನಿಲ್ಲುತ್ತದೆ. ಬಟ್ಟಲಿನ ಕೆಲಸವೆಲ್ಲ ಅದರಲ್ಲೇ ನಡೆಯಬೇಕು. ಜೆಟ್ 1221ವಿಎಸ್‌ನಲ್ಲಿ ಮೂರು ಮೆಟ್ಟಿಲುಗಳಿವೆ, ವೇಗ 60ರಿಂದ 3,600ರವರೆಗೆ. ಎಷ್ಟೋ ಜನ ಬೆಲ್ಟನ್ನು ನಡುವಿನ ಮೆಟ್ಟಿಲಿನಲ್ಲೇ ಕೂರಿಸಿ, ನಾಬಿನಿಂದಲೇ ಎಲ್ಲ ಸಾಧಿಸಲು ಹೋಗಿ, ಯಂತ್ರಕ್ಕೆ ಶಕ್ತಿ ಸಾಲದೆಂದು ದೂರುತ್ತಾರೆ.

ನ್ಯೂಜಿಲೆಂಡಿನ ಟೆಕ್ನಾಟೂಲ್ ಕಂಪನಿಯ ನೋವಾ ಡಿವಿಆರ್ ಲೇತ್‌ಗಳು ಈ ಮಾತಿಗೆ ಹೊರತು. ಅವುಗಳಲ್ಲಿ ಬೆಲ್ಟೂ ಇಲ್ಲ, ಪುಲ್ಲಿಯೂ ಇಲ್ಲ. ರಿಲಕ್ಟನ್ಸ್ ಜಾತಿಯ ಮೋಟಾರೊಂದು ಸ್ಪಿಂಡಲನ್ನು ನೇರವಾಗಿ ತಿರುಗಿಸುತ್ತದೆ, ಉಳಿಯ ಒತ್ತಡ ಹೆಚ್ಚಾದುದನ್ನು ಎಲೆಕ್ಟ್ರಾನಿಕ್ಸ್ ಗ್ರಹಿಸಿ ಆ ಕ್ಷಣದಲ್ಲೇ ಹೆಚ್ಚು ಕರೆಂಟು ಹರಿಸುತ್ತದೆ. ಕೆಲಸ ಚೊಕ್ಕ. ಆದರೆ ಬೋರ್ಡು ಕೆಟ್ಟರೆ ಊರಿನ ಮೋಟಾರ್ ರಿವೈಂಡಿಂಗ್ ಅಂಗಡಿಯವರು ಅದಕ್ಕೆ ಏನೂ ಮಾಡಲಾರರು, ಬೋರ್ಡನ್ನೇ ತರಿಸಬೇಕು. ದುರಸ್ತಿಯ ದಾರಿ ಹತ್ತಿರದಲ್ಲಿರಬೇಕೆನ್ನುವವನಾದ ನಾನು ಸಾದಾ ಇಂಡಕ್ಷನ್ ಮೋಟಾರು, ಡ್ರೈವ್, ಪುಲ್ಲಿ ಈ ಮೂರನ್ನೇ ಆರಿಸುತ್ತೇನೆ.

ನಮ್ಮ ಬಟ್ಟಲಿಗೆ 1 ಎಚ್‌ಪಿ ಸರಿಯಾದ ಪುಲ್ಲಿಯೊಂದಿಗೆ ನಡೆಯುತ್ತದೆ, 1.5 ಎಚ್‌ಪಿ ನೆಮ್ಮದಿ ಕೊಡುತ್ತದೆ, ಬಟ್ಟಲು 16 ಇಂಚು ದಾಟಿದರೆ 2 ಬೇಕು.

ತೂಕ ಮತ್ತು ಮೈಕಟ್ಟು

ಮೇಲೆ ಹೇಳಿದ ಆರು ಕೆಜಿಯ ಜಗ್ಗನ್ನು ಸುಮಾರು 55 ಕೆಜಿಯ ಜೆಟ್ 1221ವಿಎಸ್‌ನಂಥ ಬೆಂಚ್ ಲೇತ್ ಒಂದು ಬಗೆಯಲ್ಲಿ ತಾಳಿಕೊಂಡರೆ, 300 ಕೆಜಿ ದಾಟುವ ಪವರ್‌ಮ್ಯಾಟಿಕ್ 3520ಸಿ ಇನ್ನೊಂದು ಬಗೆಯಲ್ಲಿ ತಾಳಿಕೊಳ್ಳುತ್ತದೆ. ಬೀಡು ಕಬ್ಬಿಣ ನಡುಕವನ್ನು ತನ್ನೊಳಗೇ ಹೀರಿಕೊಳ್ಳುತ್ತದೆ ಎಂಬ ಕಾರಣಕ್ಕೆ ಬೀಡಿನ ಬೆಡ್, ಬೀಡಿನ ಹೆಡ್‌ಸ್ಟಾಕ್ ಇರುವ ಯಂತ್ರಕ್ಕೆ ಆದ್ಯತೆ ಕೊಡಬೇಕು. ಸ್ಥಳೀಯವಾಗಿ ಸ್ಟೀಲ್ ಚಾನೆಲ್ ಬೆಸೆದು ಮಾಡಿಸಿದ ಬೆಡ್ಡೂ ಆಗಬಹುದು, ಆದರೆ ಅದರ ಟೊಳ್ಳಿನಲ್ಲಿ ಒಣ ಮರಳು ತುಂಬಿಸಬೇಕು, ಕಾಲುಗಳು ಕೆಳಗೆ ಅಗಲಿಸಿಕೊಂಡಿರಬೇಕು. ಹಗುರ ಯಂತ್ರವನ್ನು ಭಾರವಾಗಿಸಲು ಸುಲಭ ದಾರಿಯೆಂದರೆ ಸ್ಟ್ಯಾಂಡಿನ ಕಾಲುಗಳ ನಡುವೆ ಹಲಗೆ ಹಾಸಿ ಮರಳಿನ ಚೀಲ ಪೇರಿಸುವುದು. ಇದರಿಂದ ಸ್ಟ್ಯಾಂಡು ನಡೆದಾಡುವುದು ನಿಲ್ಲುತ್ತದೆ. ತೆಳ್ಳಗಿನ ಹೆಡ್‌ಸ್ಟಾಕ್ ಬಾಗುವುದು ಮಾತ್ರ ನಿಲ್ಲುವುದಿಲ್ಲ. ಮಹಡಿಯ ಮೇಲೆ ಕೆಲಸದ ಕೋಣೆ ಇರುವವರು ಭಾರದ ಲೇತಿನ ಆಸೆ ಬಿಟ್ಟು ಬಟ್ಟಲಿನ ಗಾತ್ರವನ್ನೇ ಇಳಿಸಿಕೊಳ್ಳುವುದು ಮೇಲು.

ಹೆಡ್‌ಸ್ಟಾಕ್ ಒಳಗಿನ ಎರಡು ಬೇರಿಂಗ್‌ಗಳ ನಡುವಿನ ಅಂತರ, ಸ್ಪಿಂಡಲಿನ ದಪ್ಪ, ಮುಂದಿನ ಬೇರಿಂಗಿನಿಂದ ಸ್ಪಿಂಡಲಿನ ಮೂಗು ಎಷ್ಟು ಹೊರಚಾಚಿದೆ ಎಂಬ ಮೂರನ್ನು ನೋಡಿದರೆ ಯಂತ್ರ ಮಾಡಿದವರ ಮನಸ್ಸು ತಿಳಿಯುತ್ತದೆ. ಚಕ್ (ತುಂಡನ್ನು ದವಡೆಗಳಲ್ಲಿ ಕಚ್ಚಿ ಹಿಡಿಯುವ ಸಾಧನ) ಮತ್ತು ಬಟ್ಟಲು ಸೇರಿ ಆರೇಳು ಕೆಜಿ ಆ ಮೂಗಿಗೆ ನೇತುಹಾಕಿಕೊಂಡಿರುತ್ತದೆ. ಒಳಗೆ ತೋಡುವಾಗ ಎದುರು ತುದಿಯಿಂದ ತುಂಡನ್ನು ಒತ್ತಿ ಹಿಡಿಯುವ ಟೇಲ್‌ಸ್ಟಾಕಿನ ಆಸರೆಯೂ ಇರುವುದಿಲ್ಲ.

ಒಳಗೆ ತೋಡುವಾಗ ನೀವು ಎಲ್ಲಿ ನಿಲ್ಲುತ್ತೀರಿ ಎಂಬುದರ ಮೇಲೆ ಹೆಡ್‌ಸ್ಟಾಕಿನ ಜಾತಿ ಆರಿಸಿ. ಹೆಡ್‌ಸ್ಟಾಕ್ ಒಂದೇ ಕಡೆ ಬಿಗಿದ ಉದ್ದ ಬೆಡ್ಡಿನ ಲೇತಿನಲ್ಲಿ ಬೆಡ್ಡಿನ ಮೇಲೆ ಬಾಗಿ, ಉಳಿಯ ಹಿಡಿಯನ್ನು ಓರೆಯಾಗಿ ಹಿಡಿದು ತೋಡಬೇಕು. ಒಂದು ಗಂಟೆಯೊಳಗೆ ಸೊಂಟ ದೂರು ಹೇಳುತ್ತದೆ. ಪವರ್‌ಮ್ಯಾಟಿಕ್‌ನಲ್ಲಿರುವಂತೆ ಹೆಡ್‌ಸ್ಟಾಕ್ ಬೆಡ್ಡಿನ ತುದಿಯವರೆಗೂ ಜಾರಿದರೆ, ನೇರವಾಗಿ ಬಟ್ಟಲಿನ ಎದುರೇ ನಿಲ್ಲಬಹುದು. ನೋವಾ ಲೇತ್‌ಗಳಲ್ಲಿ ಮತ್ತು ಇಂಗ್ಲೆಂಡಿನ ರೆಕಾರ್ಡ್ ಪವರ್ ಕಂಪನಿಯ ಕಾರೊನೆಟ್ ಹೆರಾಲ್ಡ್‌ನಲ್ಲಿ ಹೆಡ್‌ಸ್ಟಾಕ್ ನಿಂತಲ್ಲೇ ತಿರುಗುತ್ತದೆ. ಚಿಕ್ಕ ಜಾಗದವರಿಗೆ ಇದು ಅನುಕೂಲ. ಆದರೆ ತಿರುಗಿಸಿ ಮತ್ತೆ ಸ್ವಸ್ಥಾನಕ್ಕೆ ತಂದಾಗ ಸೆಂಟರುಗಳು ಮೊದಲಿನಂತೆಯೇ ಕೂಡುತ್ತವೆಯೇ ಎಂದು ಪರೀಕ್ಷಿಸದೆ ಕೊಳ್ಳಬಾರದು. ವಿಕ್‌ಮಾರ್ಕ್ ವಿಎಲ್300ರ ಗಿಡ್ಡ ಬೆಡ್ಡಿನ ಮಾದರಿಯಲ್ಲಿ ಈ ತೊಡಕೇ ಇಲ್ಲ, ಬೆಡ್ ಮುಗಿದಲ್ಲಿ ನೀವು ನಿಂತಿರುತ್ತೀರಿ. ಬಟ್ಟಲೊಂದನ್ನೇ ಕಡೆಯುವವರಿಗೆ ಅದಕ್ಕಿಂತ ಒಪ್ಪುವ ರೂಪವನ್ನು ನಾನು ಕಾಣೆ. ಹೆಡ್‌ಸ್ಟಾಕಿನ ಎಡ ಹೊರಬದಿಗೆ ಬಟ್ಟಲು ಕಟ್ಟಿ ಕಡೆಯುವ ಹಳೆಯ ಏರ್ಪಾಟೂ ಕೆಲವು ಯಂತ್ರಗಳಲ್ಲಿ ಸಿಗುತ್ತದೆ. ಅಲ್ಲಿ ಎಡಮರೆಯ, ಅಂದರೆ ತಿರುಪಿನ ಸುತ್ತು (ಥ್ರೆಡ್) ಎಡಕ್ಕಿರುವ ಫೇಸ್‌ಪ್ಲೇಟ್ ಬೇಕಾಗಬಹುದು.

ಸ್ಪಿಂಡಲಿನ ಮರೆ ಮತ್ತು ಟೇಪರ್

ಇದು ಚಿಕ್ಕ ವಿಷಯ, ಆದರೆ ತಪ್ಪಿದರೆ ದುಬಾರಿ. ಚಿಕ್ಕ ಅಮೆರಿಕನ್ ಲೇತ್‌ಗಳಲ್ಲಿ ಸ್ಪಿಂಡಲಿನ ಮರೆ 1 ಇಂಚು, ಇಂಚಿಗೆ 8 ಸುತ್ತು. ದೊಡ್ಡವುಗಳಲ್ಲಿ ಒಂದೂಕಾಲು ಇಂಚು, 8 ಸುತ್ತು. ಯುರೋಪಿನ ಹಲವು ಯಂತ್ರಗಳಲ್ಲೂ ಒನ್‌ವೇಯಲ್ಲೂ ಎಂ33, 3.5 ಮಿಮೀ ಅಂತರ. ಒಂದೂಕಾಲು ಇಂಚು ಎಂದರೆ 31.75 ಮಿಮೀ, ಎಂ33 ಎಂದರೆ 33. ಬರಿಗಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಒಂದಕ್ಕೊಂದು ಕೂರುವುದಿಲ್ಲ. ವರ್ನಿಯರ್ ಹಿಡಿದು ಅಳೆಯಿರಿ. ಚಕ್ ಕೊಳ್ಳುವಾಗ ಮರೆ ಕೊರೆದೇ ಬಂದದ್ದಕ್ಕಿಂತ, ಬದಲಿಸಬಹುದಾದ ಇನ್ಸರ್ಟ್ ಇರುವುದನ್ನು ಕೊಂಡರೆ ಮುಂದೆ ಲೇತ್ ಬದಲಾದರೂ ಚಕ್ ಉಳಿಯುತ್ತದೆ. ಟೇಪರ್, ಅಂದರೆ ಸೆಂಟರುಗಳು ಕೂರುವ ಇಳಿಜಾರಿನ ತೂತು, ಎರಡೂ ಕಡೆ ಮೋರ್ಸ್ 2 ಅಳತೆಯದಾಗಿರಲಿ. ಊರಿನ ವರ್ಕ್‌ಶಾಪಿನಲ್ಲಿ ಲೇತ್ ಮಾಡಿಸುವವರು ಈ ಪ್ರಚಲಿತ ಮರೆಗಳಲ್ಲಿ ಒಂದನ್ನೇ ಕೊರೆಸಬೇಕು. ಟರ್ನರ್ ತನಗೆ ಅನುಕೂಲವಾದ ಮರೆ ಕೊರೆದುಕೊಟ್ಟರೆ ಮುಂದೆ ಯಾವ ಚಕ್ಕೂ ಅದಕ್ಕೆ ಏರುವುದಿಲ್ಲ.

ನಮ್ಮ ಕರೆಂಟು, ನಮ್ಮ ಮಳೆಗಾಲ

ಅಮೆರಿಕದಿಂದ ಊರಿಗೆ ಮರಳುವ ಕನ್ನಡಿಗರು ಅಲ್ಲಿನ ಲೇತನ್ನು ಸಾಮಾನಿನೊಡನೆ ಹಡಗಿಗೆ ಹಾಕಲೇ ಎಂದು ಕೇಳುವುದುಂಟು. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 115ಕ್ಕೆ ಇಳಿಸುತ್ತದೆ, ಹರ್ಟ್ಸನ್ನು ಬದಲಿಸುವುದಿಲ್ಲ. ಡ್ರೈವ್ ಇಲ್ಲದ ಸಾದಾ ಇಂಡಕ್ಷನ್ ಮೋಟಾರು ಇಲ್ಲಿ ಆರನೆಯ ಒಂದು ಪಾಲು ನಿಧಾನವಾಗಿ ಓಡುತ್ತದೆ ಮತ್ತು ಹೆಚ್ಚು ಕಾಯುತ್ತದೆ. ವಿಎಫ್‌ಡಿ ಇರುವ 220 ವೋಲ್ಟಿನ ಮಾದರಿಗಾದರೆ ಹರ್ಟ್ಸಿನ ಚಿಂತೆ ಇಲ್ಲ, ಏಕೆಂದರೆ ಡ್ರೈವ್ ಒಳಬಂದ ಕರೆಂಟನ್ನು ಮೊದಲು ಡಿಸಿ ಮಾಡಿಕೊಂಡು, ತನಗೆ ಬೇಕಾದ ಹರ್ಟ್ಸನ್ನು ತಾನೇ ತಯಾರಿಸುತ್ತದೆ. ಡ್ರೈವಿನ ತಟ್ಟೆಯ ಮೇಲೆ 50/60 ಎಂದು ಬರೆದಿದೆಯೇ ನೋಡಿದರೆ ಸಾಕು.

ಇಲ್ಲೇ ಮಾಡಿಸುವುದಾದರೆ, ಮನೆಯ ಸಿಂಗಲ್ ಫೇಸಿನಿಂದ ಮೂರು ಫೇಸಿನ ಮೋಟಾರು ಓಡಿಸುವ ವಿಎಫ್‌ಡಿ ಹೊರಗೆ ಕೊಡುವುದು 230 ವೋಲ್ಟ್ ಮಾತ್ರ. ನಮ್ಮಲ್ಲಿ ಮಾರುವ ಚಿಕ್ಕ ಮೂರು ಫೇಸಿನ ಮೋಟಾರುಗಳು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಎಂಬ ರೀತಿಯಲ್ಲಿ ಸುರುಳಿ ಜೋಡಿಸಿದಂಥವು. ಟರ್ಮಿನಲ್ ಪೆಟ್ಟಿಗೆಯಲ್ಲಿ ಆರು ತುದಿಗಳೂ ಹೊರಬಂದಿದ್ದರೆ ಕಡಿಮೆ ವೋಲ್ಟಿನ ಡೆಲ್ಟಾ ಜೋಡಣೆಗೆ ಬದಲಿಸಿಕೊಳ್ಳಬಹುದು. ಮೂರೇ ಬಂದಿದ್ದರೆ ಆ ಮೋಟಾರು ಬೇಡ. 2 ಎಚ್‌ಪಿಗೆ 16 ಆಂಪಿಯರಿನ ಸಾಕೆಟ್ಟು, ಸರಿಯಾದ ಅರ್ಥಿಂಗ್ ಇರಲೇಬೇಕು. ಡ್ರೈವಿನ ಪೆಟ್ಟಿಗೆ ಧೂಳು ನುಗ್ಗದಂತೆ ಮುಚ್ಚಿರಲಿ. ಮರದ ಪುಡಿಗಿಂತ ಹೆಚ್ಚು ಕಾಟ ಕೊಡುವುದು ಬೆಚ್ಚಗಿರುತ್ತದೆಂದು ಒಳಸೇರುವ ಹಲ್ಲಿ.

ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ ಇಳಿಯುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನೇರವಾಗಿ ಓಡುವ ಇಂಡಕ್ಷನ್ ಮೋಟಾರು ಕೊಡಬಲ್ಲ ಗರಿಷ್ಠ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಕುಸಿಯುತ್ತದೆ. 230 ಇರಬೇಕಾದಲ್ಲಿ 180 ಇದ್ದರೆ ಉಳಿಯುವುದು ನೂರಕ್ಕೆ ಅರವತ್ತು ಮಾತ್ರ. ಕರೆಂಟು ಹೋಗಿ ಬರುವ ಊರಿನಲ್ಲಿ ಸ್ವಿಚ್ಚು ಕೂಡ ಹೋಲಿಕೆಯ ಭಾಗ: ಕರೆಂಟು ಹೋದಾಗ ತಾನೇ ಬಿಟ್ಟುಕೊಂಡು, ಮತ್ತೆ ಒತ್ತುವವರೆಗೂ ಸುಮ್ಮನಿರುವ ಸ್ವಿಚ್ ಇಲ್ಲದಿದ್ದರೆ, ನೀವು ಉಳಿ ಕೆಳಗಿಟ್ಟು ಬಟ್ಟಲಿನೊಳಗೆ ಕೈಯಾಡಿಸುತ್ತಿರುವಾಗಲೇ ಕರೆಂಟು ಬಂದು ಲೇತ್ ತಿರುಗಬಹುದು. ನಿಲ್ಲಿಸುವ ಗುಂಡಿ ಬಟ್ಟಲು ಹಾರುವ ನೇರದಲ್ಲಿ ಇರಬಾರದು. ಆಯಸ್ಕಾಂತದಿಂದ ಎಲ್ಲಿಗೆ ಬೇಕಾದರೂ ಅಂಟಿಸಬಹುದಾದ ರಿಮೋಟ್ ಗುಂಡಿ ಇದ್ದರೆ ಒಳ್ಳೆಯದು.

ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಬೀಡಿನ ಬೆಡ್ಡು ತುಕ್ಕು ಹಿಡಿದೇ ಹಿಡಿಯುತ್ತದೆ. ಹಸಿ ಮರದ ರಸ ಸಿಡಿದ ಮೇಲಂತೂ ಒಂದೇ ರಾತ್ರಿ ಸಾಕು. ಅಮೆರಿಕದ ರೋಬಸ್ಟ್ ಕಂಪನಿ ತನ್ನ ಲೇತ್‌ಗಳ ಹಳಿಗಳನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡುತ್ತದೆ. ಉಳಿದವರು ಕೆಲಸ ಮುಗಿದ ಕೂಡಲೇ ಒರೆಸಿ ಮೇಣ ಉಜ್ಜಬೇಕು.

ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ

ರಟ್ಟಿನ ಬಿಲ್ಲೆಯ ಜೊತೆಗೆ ಒಂದು ಒರಟು ತುಂಡನ್ನೂ ನಿಮ್ಮದೇ ಗೌಜನ್ನೂ (ಬಟ್ಟಲು ಕಡೆಯುವ ದೋಣಿಬಾಯಿಯ ಉಳಿಯನ್ನೂ) ಒಯ್ದು, ಕೆಳಗಿನ ಮೆಟ್ಟಿಲಿನಲ್ಲಿ 300ರ ವೇಗದಲ್ಲಿ ಕಡೆದು ನೋಡಲು ಕೇಳಿ. ಒಪ್ಪದ ಮಾರಾಟಗಾರನಿಗೆ ಮುಂಗಡ ಕೊಡಬೇಡಿ. ಕಡೆಯುವಾಗ ಒಂದು ಕೈಯನ್ನು ಟೂಲ್ ರೆಸ್ಟಿನ ಬುಡದಲ್ಲಿ ಇಟ್ಟುಕೊಂಡಿರಿ. ರೆಸ್ಟಿನ ಕಂಬ, ಬ್ಯಾಂಜೊ, ಬೆಡ್ ಈ ಮೂರರಲ್ಲಿ ಯಾವುದು ಅದುರುತ್ತಿದೆ ಎಂಬುದು ಬೆರಳಿಗೆ ತಿಳಿಯುತ್ತದೆ. ಬ್ಯಾಂಜೊ ಒಂದೇ ಸನ್ನೆಯ ಎಳೆತಕ್ಕೆ ಬಿಗಿದು, ಮುಷ್ಟಿಯಿಂದ ಗುದ್ದಿದರೂ ಸರಿಯಬಾರದು. ಹಳೆಯ ಯಂತ್ರವಾದರೆ ಬೆಲ್ಟು ಕಳಚಿ ಸ್ಪಿಂಡಲನ್ನು ಕೈಯಿಂದ ತಿರುಗಿಸಿ: ಮರಳು ಅರೆದಂತೆ ಸದ್ದು ಬಂದರೆ ಬೇರಿಂಗ್ ಹೋಗಿದೆ, ಅದು ಬದಲಿಸಬಹುದಾದ ದೋಷ, ಟೇಪರಿನ ಒಳಗೆ ಬೆರಳಾಡಿಸಿದಾಗ ಗೀರುಗಳು ತಗುಲಿದರೆ ಸ್ಪಿಂಡಲಿಗೇ ಪೆಟ್ಟಾಗಿದೆ, ಆ ಯಂತ್ರವನ್ನು ಬಿಡಿ.

ಬೆಲೆ ಹೋಲಿಸುವಾಗ ಸಾಗಣೆ, ಸುಂಕ, ತೆರಿಗೆ ಸೇರಿ ಮನೆಬಾಗಿಲಿಗೆ ಬೀಳುವ ಮೊತ್ತವನ್ನೇ ಹೋಲಿಸಿ. ಚಕ್, ಎರಡು ಬೌಲ್ ಗೌಜ್, ಮುಖರಕ್ಷಕ, ಉಳಿಗೆ ಸಾಣೆ ಹಿಡಿಯಲು ಗ್ರೈಂಡರ್ ಇವಕ್ಕೆ ಒಟ್ಟು ಹಣದಲ್ಲಿ ಮೂರನೆಯ ಒಂದು ಪಾಲನ್ನಾದರೂ ಎತ್ತಿಡಿ. ಎರಡು ಯಂತ್ರಗಳ ನಡುವೆ ತೂಗಾಟ ಉಳಿದರೆ, ಸ್ವಿಂಗ್ ಎರಡು ಇಂಚು ಕಡಿಮೆಯಿದ್ದರೂ ಕೆಳಗಿನ ಪುಲ್ಲಿ ನಿಧಾನವಾಗಿರುವುದನ್ನೂ ತೂಕ ಹೆಚ್ಚಿರುವುದನ್ನೂ ಆರಿಸುವುದು ನನ್ನ ಪಕ್ಷ.

ಯಂತ್ರ ಮನೆಗೆ ಬಂದ ಮೇಲೆ ಸ್ಪಿಂಡಲಿನ ನಡು ನಿಮ್ಮ ಮೊಣಕೈಯ ಮಟ್ಟಕ್ಕೆ ಬರುವಂತೆ ಕಾಲುಗಳ ಕೆಳಗೆ ಗಟ್ಟಿಮರದ ತುಂಡು ಕೊಡಿ. ಹೆಡ್‌ಸ್ಟಾಕಿಗೊಂದು, ಟೇಲ್‌ಸ್ಟಾಕಿಗೊಂದು ಮೊನೆಯ ಸೆಂಟರ್ ಹಾಕಿ, ಎರಡು ಮೊನೆಗಳನ್ನೂ ಮುಟ್ಟಿಯೂ ಮುಟ್ಟದಂತೆ ಹತ್ತಿರ ತಂದು, ಮೇಲಿನಿಂದಲೂ ಪಕ್ಕದಿಂದಲೂ ನೋಡಿ. ಅಂಗಡಿಯಲ್ಲಿ ಕೂಡಿದ್ದ ಮೊನೆಗಳು ಮನೆಯಲ್ಲಿ ತಪ್ಪಿದ್ದರೆ ದೋಷ ಹೆಚ್ಚಾಗಿ ನೆಲದ್ದು: ಏರುಪೇರಿನ ನೆಲದ ಮೇಲೆ ಬೋಲ್ಟು ಬಿಗಿದಾಗ ಬೆಡ್ಡು ಒಂದು ಮೂಲೆಗೆ ತಿರುಚಿಕೊಂಡಿರುತ್ತದೆ. ಬೋಲ್ಟುಗಳನ್ನು ಸಡಿಲಿಸಿ, ಗಾಳಿಯಲ್ಲಿ ನಿಂತ ಕಾಲಿನ ಕೆಳಗೆ ತಗಡಿನ ತುಣುಕುಗಳನ್ನು ಒಂದೊಂದಾಗಿ ತೂರಿಸುತ್ತ, ಮೊನೆಗಳು ಮತ್ತೆ ಎದುರುಬದುರಾದ ಮೇಲೆ ಬಿಗಿಯಿರಿ. ಚಕ್ಕನ್ನು ಹೊರತೆಗೆಯುವುದು ಅದಾದ ಮೇಲೆ.